ಚಪ್ಪರದಡಿಯಲ್ಲಿ ಬೆಳಕು ಅಳೆದದ್ದು

ನನ್ನ ಜೊತೆ ಸಂಶೋಧನೆ ಮಾಡುವ ಹುಡುಗಿಗೆ ಒಂದು ಅಭ್ಯಾಸ. ದ್ರಾಕ್ಷಿ ಚಪ್ಪರದೊಳಗೆ ಕಾಲಿಡುವ ಮೊದಲು ಚಪ್ಪಲಿ ಕಳಚಿ, ಎರಡನ್ನೂ ಜೋಡಿಸಿ ಬದುವಿನ ಮೇಲೆ ಇಡುತ್ತಾಳೆ. ಪಳನಿಯವಳು, ಕಂಡಕಂಡಲ್ಲಿ ಚಪ್ಪಲಿ ಬಿಟ್ಟು ರೂಢಿಯಿರಬೇಕು. ತಮಿಳುನಾಡಿನ ಕಂಬಂ ಕಣಿವೆಯ ಆ ಚಪ್ಪರ ನನ್ನ ಸೋದರಮಾವನದು. ಮೊದಲ ದಿನ ಅವಳು ಚಪ್ಪಲಿ ಬಿಟ್ಟದ್ದನ್ನು ಕಂಡು ಮಾಮ ಕರಗಿಹೋದರು. "ನೋಡಮ್ಮಣಿ, ಮಣ್ಣಿಗೆ ಎಷ್ಟು ಮರ್ಯಾದೆ ಕೊಡ್ತಾಳೆ!"

ಮರುದಿನ ನಾನೂ ಚಪ್ಪಲಿ ಬಿಟ್ಟೆ. ಮುಳ್ಳು ಚುಚ್ಚಿತು. ಮಾಮ ಹೇಳಿದರು: "ತೋಟಕ್ಕೆ ಬರಿಗಾಲಲ್ಲಿ ಬರ್ತಾರಾ? ಇಂಗ್ಲೀಷು ಓದಿ ಏನು ಬಂತು?"

ಅವಳ ಪಕ್ಕದಲ್ಲಿದ್ದರೆ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಅತಿಥಿ ಸತ್ಕಾರ

ನಮ್ಮ ಕೆಲಸ ಇಷ್ಟೇ. ಬಳ್ಳಿಯಲ್ಲಿ ಎಲೆ ಹೆಚ್ಚಿದಷ್ಟೂ ಕೆಳಗೆ ಬೆಳಕು ಕುಗ್ಗುತ್ತದೆ. ಬೆಳಕು ಕುಗ್ಗಿದಷ್ಟೂ ಕೆಳಗಿನ ಎಲೆಯ ಬೆಳವಣಿಗೆ ಕುಂಠಿತವಾಗುತ್ತದೆ. ಇದನ್ನು ಅಳೆದು, ಕಂಪ್ಯೂಟರಿನಲ್ಲಿ ಒಂದು ಲೆಕ್ಕದ ಬಳ್ಳಿ ಬೆಳೆಸಬೇಕು. ಲೆಕ್ಕ ಬರೆದವಳು ನಾನು. ಅದನ್ನು ಊರಿಗೆಲ್ಲ ವಿವರಿಸುವವಳು ಅವಳು. ಕೊಯಮತ್ತೂರಿನ ಸಮ್ಮೇಳನಕ್ಕೆ ಇಬ್ಬರೂ ಹೋಗಬಹುದು, ಆದರೆ ವೇದಿಕೆ ಹತ್ತುವುದು ಒಬ್ಬರೇ, ಯಾರೆಂದು ಆಮೇಲೆ ಹೇಳುತ್ತೇನೆ ಅಂತ ನಮ್ಮ ಗೈಡ್ ಮೇಡಂ ಹೇಳಿದ್ದರು. ನನಗೆ ಆ ವೇದಿಕೆ ಬೇಕಿತ್ತು. ಬಾಯಿ ಬಿಟ್ಟು ಕೇಳಿರಲಿಲ್ಲ, ಅಷ್ಟೆ.

ಅಳತೆಗೆ ಮುಂಚೆ ಅವಳು ಮಾಮನಿಗೆ ಫೋನ್ ಮಾಡಿ ತಮಿಳಿನಲ್ಲಿ ವಿನಯದಿಂದ ಹೇಳಿದಳು: "ಮಾಮಾ, ಚಪ್ಪರದ ಕೆಳಗೆ ಎಷ್ಟು ಬೆಳಕು ಬೀಳುತ್ತೆ ಅಂತ ನೋಡೋಕೆ ಬರ್ತಿದ್ದೀವಿ."

ನಾವು ಹೋದಾಗ ಚಪ್ಪರದ ಅರ್ಧ ಭಾಗದಲ್ಲಿ ಎಲೆಯೇ ಇಲ್ಲ. ತಲೆಯ ಮೇಲೆ ನೀಲಿ ಆಕಾಶ. ಮಾಮ ಬೆವರು ಒರೆಸುತ್ತಾ ನಿಂತಿದ್ದರು. "ಪಾಪ, ಮಗು ಬೆಳಕು ನೋಡಬೇಕು ಅಂತಲ್ಲ! ಆಳು ಬಿಟ್ಟು ಸವರಿಸಿದೆ. ಸಾಕಾ ಕಂದಾ, ಇನ್ನೂ ಬೇಕಾ?"

ಮೇಲೆ ಅಳೆದರೂ ಅಷ್ಟೇ, ಕೆಳಗೆ ಅಳೆದರೂ ಅಷ್ಟೇ. ಒಳಗೊಳಗೇ ನನಗೆ ಖುಷಿ: ಈಗ ಬೈಸಿಕೊಳ್ಳುತ್ತಾಳೆ. ಮೇಡಂ ಅಂಕಿಗಳನ್ನು ನೋಡಿ, "ಎಲೆ ಇಲ್ಲದ ಭಾಗವನ್ನೂ ಹೋಲಿಕೆಗೆ ಇಟ್ಟುಕೊಂಡಿದ್ದೀಯಾ! ಎಂಥಾ ಮುಂದಾಲೋಚನೆ!" ಎಂದು ಅವಳ ಬೆನ್ನು ತಟ್ಟಿದರು.

ಅಜ್ಜಿಯ ಪರೀಕ್ಷೆ

ನಮ್ಮವರು ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರು. ಮನೆಯ ಕನ್ನಡ ನನಗೆ ಅರ್ಥವಾಗುತ್ತದೆ, ಆಡುವಾಗ ಮಾತ್ರ ನಾಲಿಗೆ ಎಡವುತ್ತದೆ. ಅವಳಿಗೆ ಬರುವುದು ಒಂದೇ ಮಾತು, ಅದನ್ನೂ ಕಲಿಸಿದವಳು ನಾನೇ. ಮಾಮನ ಮನೆಯೊಳಗೆ ಬಂದವಳೇ ನನ್ನ ಅಜ್ಜಿಯ ಪಕ್ಕ ಕುಳಿತು, "ಉಂಡಿರಾ ಅಜ್ಜೀ?" ಅಂದಳು.

ಅಜ್ಜಿಯ ಕಣ್ಣು ತುಂಬಿತು. "ತಮಿಳು ಹುಡುಗಿ! ಎಷ್ಟು ಚಂದಾಗಿ ಮಾತಾಡುತ್ತೆ! ನೀನೂ ಇವಳ ಹತ್ರ ಕಲಿಯೇ."

ಅಷ್ಟಕ್ಕೇ ನಿಲ್ಲಲಿಲ್ಲ. ದಿಂಡಿಗಲ್ ಸಂತೆಯಿಂದ ಮಾಮ ತಂದಿದ್ದ ಮಲ್ಲಿಗೆ ದಂಡೆಯನ್ನು ಇಡಿಯಾಗಿ ಅವಳ ಜಡೆಗೆ ಸುತ್ತಿ ಸುತ್ತಿ ಮುಡಿಸಿದರು. ತಲೆಯ ಹಿಂದೆ ಇನ್ನೊಂದು ತಲೆ ಬೆಳೆದ ಹಾಗಿತ್ತು. ನನಗೆ ಒಂದು ತುಂಡು. ಯಾಕೆ ಅಂತ ಕೇಳಿದ್ದಕ್ಕೆ, "ನಿನ್ನ ಕೂದಲು ಅಷ್ಟೇ ತಾಳೋದು" ಅಂದರು. ಆಮೇಲೆ ಅವಳು ತೋಟಕ್ಕೆ ಬಂದಾಗಲೆಲ್ಲ ಇದೇ ಅಭಿಷೇಕ.

ನಡುವಿನ ಕತ್ತಲೆ

ಬೆಳಕು ಅಳೆಯಲು ನಮ್ಮ ಹತ್ತಿರ ಒಂದು ಉದ್ದ ಕೋಲಿದೆ. ಅದರ ಮೈತುಂಬ ಬೆಳಕು ಹಿಡಿಯುವ ಪುಟ್ಟ ಕಣ್ಣುಗಳು, ನಡುವೆ ಅಂಕಿ ತೋರಿಸುವ ಪರದೆ. ಸವರದೆ ಉಳಿದ ಅರ್ಧದಲ್ಲಿ ಅವಳು ಕೋಲನ್ನು ಅಡ್ಡ ಹಿಡಿದು ಒಂದೊಂದು ಕಣ್ಣಿನ ಅಂಕಿಯನ್ನೂ ಓದುವಳು, ನಾನು ಬರೆದುಕೊಳ್ಳುವೆ. ಎಲ್ಲಿ ಹಿಡಿದರೂ ಕೋಲಿನ ನಡುವಿಗೆ ಬಂದಾಗ ಬೆಳಕು ಧಡಕ್ಕನೆ ಇಳಿಯುತ್ತಿತ್ತು. ನನ್ನ ಲೆಕ್ಕದ ಬಳ್ಳಿಯಲ್ಲಿ ಅಂಥ ಕತ್ತಲೆ ಇರಲೇ ಇಲ್ಲ.

ಅಂಕಿ ನೋಡಿ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಬಳ್ಳಿ ತನ್ನ ಎಲೆಗಳನ್ನು ಹೀಗೆ ಗುಂಪುಗುಂಪಾಗಿ ಜೋಡಿಸಿಕೊಳ್ಳುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕೋಲು ಹಿಡಿದು ಇದನ್ನು ಕಂಡುಹಿಡಿದವಳೇ ಕೊಯಮತ್ತೂರಿನಲ್ಲಿ ಮಾತಾಡಲಿ."

ಮನೆಗೆ ಬಂದು ನನ್ನ ಲೆಕ್ಕವನ್ನು ಮತ್ತೆ ಮತ್ತೆ ತಿರುವಿದೆ. ತಪ್ಪು ಸಿಗಲಿಲ್ಲ.

ಕೊನೆಯ ಅಳತೆ ನೋಡಲು ಮೇಡಂ ಕೂಡ ತೋಟಕ್ಕೆ ಬಂದಿದ್ದರು. ಅಂದು ಅಜ್ಜಿ ಮಜ್ಜಿಗೆ ಕಳಿಸಿದ್ದರು. ಅವಳು ಕೋಲನ್ನು ಎರಡು ಕಂಬಗಳಿಗೆ ಅಡ್ಡಲಾಗಿ ಆನಿಸಿಟ್ಟು ಕುಡಿಯಲು ಹೋದಳು. ಪರದೆಯಲ್ಲಿ ನಡುವಿನ ಕಣ್ಣುಗಳ ಅಂಕಿ ತಟ್ಟನೆ ಏರಿತು. ಕೋಲಿನ ನಡುವೆ ಕತ್ತಲೆಯೇ ಇಲ್ಲ! ಬಂದು ಬಗ್ಗಿದಳು, ಇಳಿಯಿತು. ಇನ್ನೊಂದು ಲೋಟಕ್ಕೆ ಹೋದಳು, ಏರಿತು. ಮತ್ತೆ ಬಂದು, ಅಂಕಿ ಓದಲು ಪರದೆಯ ಮೇಲೆ ಬಗ್ಗಿದಳು. ಬಳ್ಳಿಗೂ ಕೋಲಿಗೂ ನಡುವೆ ಅಜ್ಜಿ ಮುಡಿಸಿದ ಅಷ್ಟೂ ಮಲ್ಲಿಗೆ.

ಅಲ್ಲೇ ನಿಂತಿದ್ದ ಮೇಡಂ ಕಡೆ ತಿರುಗಿ, "ಮೇಡಂ, ಆ ಕತ್ತಲೆ..." ಅಂದೆ.

"ಶ್, ಅವಳು ಓದುತ್ತಿದ್ದಾಳೆ," ಅಂದರು ಮೇಡಂ.

ಈಗ ಕೊಯಮತ್ತೂರಿಗೆ ಬಂದಿದ್ದೇವೆ. ಅವಳು ಚಪ್ಪಲಿ ಬಿಟ್ಟು ಜೋಡಿಸಿಟ್ಟು ವೇದಿಕೆಯ ಮೆಟ್ಟಿಲ ಬಳಿ ನಿಂತಳು. ನನ್ನ ಕೈ ಹಿಡಿದುಕೊಂಡಳು. ತಲೆಯಲ್ಲಿ ಅಜ್ಜಿ ಕಟ್ಟಿ ಕಳಿಸಿದ ಅದೇ ಮಲ್ಲಿಗೆ ಗೋಪುರ.

"ಅಕ್ಕಾ, ಲೆಕ್ಕ ಎಲ್ಲ ನಿನ್ನದು. ನಡುವೆ ಆ ಕತ್ತಲೆ ಯಾಕೆ ಅಂತ ಯಾರಾದರೂ ಕೇಳಿದರೆ, ಎದ್ದು ನಿಂತು ನೀನೇ ಹೇಳಿಬಿಡ್ತೀಯಾ?"