ಸಮದನಿ ಪೆಟ್ಟಿಗೆ ಮತ್ತು ಹನ್ನೊಂದನೇ ನಂಬರು

“ಈ ಪೆಟ್ಟಿಗೆಗೆ ಕಿವಿ ಇದೆ, ಬಾಯಿ ಇದೆ. ಊರು ಮಾತ್ರ ಇಲ್ಲ,” ಎಂದರು ಕಾತ್ಯಾಯಿನಿ ಮೇಡಂ. “ನಮಗೆಲ್ಲ ಇರೋ ದೊಡ್ಡ ರೋಗ ಇದಕ್ಕಿಲ್ಲ ಕೆಂಪರಾಜು.”

ಮೇಡಂ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಆಮೇಲೆ ಅವರು ಕಂಡುಹಿಡಿದದ್ದರಲ್ಲಿ ಮುಖ್ಯವಾದದ್ದು, ಬೇಡದ ನೆಂಟರು ಬಂದರೆ ಸದ್ದು ಮಾಡದ ಕಾಲಿಂಗ್ ಬೆಲ್. ಅದು ಮೊದಲ ದಿನವೇ ಅವರ ಯಜಮಾನರನ್ನು ಬಿಸಿಲಲ್ಲಿ ಹೊರಗೆ ನಿಲ್ಲಿಸಿತ್ತು. ಈಗ ಟೀಪಾಯಿಯ ಮೇಲೆ ಕೂತಿದ್ದ ಹೊಸ ಪೆಟ್ಟಿಗೆಯ ಹೆಸರು ‘ಸಮದನಿ’. ಮೈಕಿಗೂ ಸ್ಪೀಕರಿಗೂ ನಡುವೆ ಇದನ್ನು ಸಿಕ್ಕಿಸಿದರೆ, ಒಂದು ಕಡೆಗೆ ವಾಲಿದ ಮಾತನ್ನು ತಗ್ಗಿಸಿ, ಇನ್ನೊಂದು ಕಡೆಯದನ್ನು ಏರಿಸಿ, ಎಲ್ಲರಿಗೂ ಸಮ ಮಾಡಿಕೊಡುತ್ತದಂತೆ.

“ಏನಾದರೂ ಹೇಳಿ ನೋಡಿ.”

ಕೆಂಪರಾಜು ಮೈಕ್ ಹಿಡಿದು, ಮರ್ಯಾದೆಗೆ, “ನಿಮ್ಮನೆ ಕಾಫಿ ತುಂಬಾ ಚೆನ್ನಾಗಿದೆ” ಎಂದ. ಸ್ಪೀಕರಿನಿಂದ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು ಬಂತು. “ಸಕ್ಕರೆ ಸ್ವಲ್ಪ ಕಮ್ಮಿ” ಎಂದ. ಅದು ಬೀದಿಯ ಕೊನೆಯವರೆಗೂ ಕೇಳಿಸಿತು.

“ಈ ವಯಸ್ಸಿಗೆ ಅಷ್ಟು ಸಕ್ಕರೆ ಸಾಕು!” ಎಂದು ಅಡುಗೆಮನೆಯಿಂದ ಯಜಮಾನರು ಕೂಗಿದರು.

“ನೋಡಿದ್ರಾ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ,” ಎಂದು ಮೇಡಂ ಹಿಗ್ಗಿದರು.

ಕೆಂಪರಾಜುವಿಗೆ ನಗು ಬರಲಿಲ್ಲ. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಜೀವನದಲ್ಲಿ ಇದ್ದ ಒಂದೇ ಐಷಾರಾಮವೆಂದರೆ ಮಂಡ್ಯದ ಬೆಲ್ಲದಪೇಟೆ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಕಾಮೆಂಟರಿ ಮೈಕು. ಪಂದ್ಯಗಳು ಲೋಕಲ್ ಕೇಬಲ್ಲಿನಲ್ಲಿ ನೇರಪ್ರಸಾರವಾಗುತ್ತಿದ್ದವು. ಅವನ ದನಿ ಮೈದಾನದಲ್ಲೂ ಮನೆಮನೆಯಲ್ಲೂ ಒಟ್ಟಿಗೇ ಕೇಳುತ್ತಿತ್ತು. ಕೇಳಿದವರು ಆಟ ಬಿಟ್ಟು ಅವನನ್ನೇ ತೂಗುತ್ತಿದ್ದರು. “ಒಳ್ಳೆ ಪಾಸು” ಎಂದರೆ ಎದುರು ತಂಡದವರು, “ನಮ್ಮವರು ಕೊಟ್ಟಾಗ ಬರೀ ಪಾಸು, ನಿಮ್ಮವರದು ಒಳ್ಳೇದಾ?” ಎಂದು ಹಿಡಿದುಕೊಳ್ಳುತ್ತಿದ್ದರು. ಹಾಸನದವರನ್ನು ಹೊಗಳಿದರೆ ಮಂಡ್ಯದವರು, “ಇವನೇನು, ಹಾಸನದ ಅಳಿಯನಾ?” ಎನ್ನುತ್ತಿದ್ದರು. ಒಂದೇ ವಾಕ್ಯ ಇಬ್ಬರಿಗೂ ಚುಚ್ಚುವುದು ಹೇಗೆ ಎಂಬುದು ಅವನಿಗೆ ಎಂದೂ ಅರ್ಥವಾಗಿರಲಿಲ್ಲ. ಬಹುಶಃ ಅಭಿಮಾನ ಎನ್ನುವುದು ಕಿವಿಯಲ್ಲೇ ಇರುತ್ತದೆ, ಮಾತಿನಲ್ಲಿ ಇರುವುದಿಲ್ಲ.

ದೂರು ಜಾಸ್ತಿಯಾಗಿ ಕ್ಲಬ್ಬಿನ ಸೆಕ್ರೆಟರಿ ತಮ್ಮಯ್ಯ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. “ಭಾನುವಾರದ ಫೈನಲ್ಲಿಗೆ ಮೇಡಮ್ಮೋರ ಪೆಟ್ಟಿಗೆ ಇರ್ಲಿ. ನಿನ್ ಮೇಲೆ ತಪ್ಪು ತೋರುಸ್ತು ಅಂದ್ರೆ ಮೈಕು ಬ್ಯಾರೆಯೋರ್ಗೆ. ಬೇಜಾರ್ ಮಾಡ್ಕಬೇಡ ಕನಪ್ಪ.”

ಇದರಲ್ಲಿ ಇನ್ನೊಂದು ಸಂಕಟವಿತ್ತು. ಬೆಲ್ಲದಪೇಟೆ ಹುಡುಗಿಯರ ತಂಡದ ಹನ್ನೊಂದನೇ ನಂಬರು ಅವನ ಮಗಳು ಭೂಮಿಕಾ. ಮೂರು ವರ್ಷದ ಹಿಂದೆ ಅವಳು ತಂಡಕ್ಕೆ ಆಯ್ಕೆಯಾದ ದಿನ ಟೀ ಅಂಗಡಿಯಲ್ಲಿ ಯಾರೋ, “ಇನ್ನೇನಪ್ಪ, ಮೈಕು ಅಪ್ಪಂದು, ಕೋರ್ಟು ಮಗಳ್ದು” ಎಂದಿದ್ದರು. ಆ ಮಾತು ಅವನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ಅಂದಿನಿಂದ ಎಲ್ಲ ಆಟಗಾರ್ತಿಯರಿಗೂ ಹೆಸರು, ಅವಳಿಗೆ ಮಾತ್ರ ನಂಬರು. “ಹನ್ನೊಂದನೇ ನಂಬರಿಂದ ಬಾಸ್ಕೆಟ್” ಎನ್ನುವಾಗ ಅವನ ದನಿ ಬಸ್ಸಿನ ವೇಳಾಪಟ್ಟಿ ಓದಿದಂತಿರುತ್ತಿತ್ತು.

“ಕೋರ್ಟಿಗೆ ನುಗ್ಗಿದ್ ನಾಯೀನೂ ರಾಜ ಅಂತ ಹೆಸರಿಟ್ ಕರ್ದೆ ನೀನು,” ಎಂದು ಅವಳು ಒಂದು ದಿನ ಊಟಕ್ಕೆ ಕೂತಾಗ ಅಂದಿದ್ದಳು. ಅವನು ತಲೆ ಎತ್ತದೆ ಸಾರು ಕಲಸಿಕೊಂಡ. ಅವಳು ಆಮೇಲೆ ಆ ಮಾತು ಎತ್ತಲಿಲ್ಲ.

ಭಾನುವಾರ ಸಂಜೆ ಹಾಸನದ ಹೇಮೆ ಕ್ಲಬ್ಬಿನವರು ಒಂದು ಟೆಂಪೋ ತುಂಬ ಬಂದರು. ಮಂಡ್ಯದವರು ಗ್ಯಾಲರಿ ತುಂಬ ಕೂತರು. ಮೇಡಂ ಕಾಮೆಂಟರಿ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, “ನಿಮ್ಮ ಮೂರು ವರ್ಷದ ಪ್ರಸಾರವೆಲ್ಲ ಇದಕ್ಕೆ ಕೇಳಿಸಿದ್ದೀನಿ. ಎಲ್ಲಾದರೂ ಮಾತು ಕಮ್ಮಿ ಬಿದ್ದರೆ ನಿಮ್ಮ ದನಿಯಲ್ಲೇ ತುಂಬಿಕೊಡುತ್ತೆ,” ಎಂದರು.

ಅದು ಎರಡನೇ ನಿಮಿಷದಿಂದಲೇ ತುಂಬತೊಡಗಿತು. ಮಂಡ್ಯದವರ ಕೂಗು ಮೈಕಿಗೆ ಹೆಚ್ಚು ಬೀಳುತ್ತಿದೆ ಎಂದು ಅದನ್ನು ಅಡಗಿಸಿ, ಟೆಂಪೋದಲ್ಲಿ ಬಂದವರ ಕೂಗನ್ನು ಹಿಗ್ಗಿಸಿತು. ಟೀವಿಯಲ್ಲಿ ನೋಡುತ್ತಿದ್ದವರು, ಇಡೀ ಹಾಸನ ಜಿಲ್ಲೆಯೇ ಮಂಡ್ಯಕ್ಕೆ ಬಂದಿಳಿದಿದೆ ಎಂದುಕೊಂಡರು. ವಿರಾಮದಲ್ಲಿ ಕೆಂಪರಾಜು ಪ್ರಾಯೋಜಕರ ಸ್ವೀಟ್ ಅಂಗಡಿಯ ಜಾಹೀರಾತು ಓದಿದ. ಪೆಟ್ಟಿಗೆ ಅವನದೇ ದನಿಯಲ್ಲಿ, “ಎದುರಿನ ಅಂಗಡಿಯ ಮೈಸೂರ್ ಪಾಕೂ ಚೆನ್ನಾಗಿದೆ” ಎಂದು ಸೇರಿಸಿತು. ಪ್ರಾಯೋಜಕರು ಮೊದಲ ಸಾಲಿನಿಂದ ಎದ್ದು ನಿಂತರು.

“ಮೇಡಂ, ಆರಿಸಿ ಇದನ್ನ,” ಎಂದು ಕೆಂಪರಾಜು ಪಿಸುಗುಟ್ಟಿದ.

“ನ್ಯಾಯ ಅಂದ್ರೆ ಸ್ವಲ್ಪ ಕಷ್ಟಾನೇ. ತಡ್ಕೊಳ್ಳಿ.”

ಅಷ್ಟರಲ್ಲಿ ತಮ್ಮಯ್ಯ ಒಂದು ಚೀಟಿ ತಂದುಕೊಟ್ಟ. ಕೆಂಪರಾಜು, “ಗೇಟಿಗೆ ಅಡ್ಡ ನಿಲ್ಲಿಸಿರುವ ನೀಲಿ ಸ್ಕೂಟರ್ ದಯವಿಟ್ಟು ತೆಗೆಯಿರಿ” ಎಂದ. ನೀಲಿ ಸ್ಕೂಟರಿಗೆ ಅನ್ಯಾಯವಾಯಿತೆಂದು ಪೆಟ್ಟಿಗೆಗೆ ಅನ್ನಿಸಿತೋ ಏನೋ. “ಕೆಂಪು ಸ್ಕೂಟರನ್ನೂ ತೆಗೆಯಿರಿ. ಬಿಳಿಯದನ್ನೂ ತೆಗೆಯಿರಿ. ಕಾರುಗಳನ್ನೂ ತೆಗೆಯಿರಿ,” ಎಂದಿತು. ಅರ್ಧ ಗ್ಯಾಲರಿ ಕೀಲಿಕೈ ಹಿಡಿದು ಹೊರಗೆ ಓಡಿತು. ಅವರು ಗೊಣಗುತ್ತ ವಾಪಸು ಬರುವಷ್ಟರಲ್ಲಿ ಕೊನೆಯ ಕ್ವಾರ್ಟರ್ ಮುಗಿಯುತ್ತ ಬಂದಿತ್ತು. ಹಾಸನ ಒಂದೇ ಪಾಯಿಂಟಿನಿಂದ ಮುಂದಿತ್ತು.

ಆಗ, ಕೊನೆಯ ಸೆಕೆಂಡಿನಲ್ಲಿ, ಹಾಸನದವರು ಹನ್ನೊಂದನೇ ನಂಬರಿನ ಮೇಲೆ ಫೌಲ್ ಮಾಡಿದರು. ಅವಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದ ಎಸೆತ, ಒಂದಕ್ಕೆ ಒಂದು ಪಾಯಿಂಟು. ಎರಡೂ ಬಿದ್ದರೆ ಮಂಡ್ಯ ಗೆದ್ದಂತೆ.

“ಫ್ರೀ ಥ್ರೋ ಎಸೆಯಲಿದ್ದಾರೆ ಹನ್ನೊಂದನೇ...” ಎಂದ ಕೆಂಪರಾಜು. ಸ್ಪೀಕರ್ ಕಟ್ಟಾಯಿತು. ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಂಡಿತು. ಮೈಕಿಗೆ ತಟ್ಟಿದರೂ ಸದ್ದಿಲ್ಲ.

ತಮ್ಮಯ್ಯ ಓಡಿ ಬಂದು ಪೆಟ್ಟಿಗೆಯ ಪುಟ್ಟ ಪರದೆ ನೋಡಿದ. “ಪಕ್ಷಪಾತ, ಹನ್ನೊಂದನೇ ನಂಬರು ಅಂತ ಬಂದದೆ. ಅಯ್ಯೋ, ಕೊನೆಗೂ ಸಿಗಾಕೊಂಡ್ಯಲ್ಲಪ್ಪ.”

ಹಿಂದಿನ ಸಾಲಿನವರು, “ನಾವು ಅವತ್ತೇ ಹೇಳ್ಲಿಲ್ವಾ” ಎಂದು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದರು. ಕೆಂಪರಾಜುವಿನ ಮುಖ ಬಿಳಿಚಿತು. ಮೇಡಂ ಕನ್ನಡಕ ಏರಿಸಿಕೊಂಡು ಪರದೆಯನ್ನು ಇನ್ನೊಮ್ಮೆ ಓದಿದರು.

“ತಮ್ಮಯ್ಯ, ಸರಿಯಾಗಿ ನೋಡಿ. ಅವಳ ಪರ ಅಲ್ಲ. ಅವಳ ವಿರುದ್ಧ,” ಎಂದರು. ಆಮೇಲೆ ಸ್ವಲ್ಪ ಮೆಲ್ಲಗೆ, “ಇದು ಅವಳ ಹೆಸರು ತುಂಬಕ್ಕೆ ಹೋಗಿದೆ ಕೆಂಪರಾಜು. ಮೂರು ವರ್ಷದ ಪ್ರಸಾರ ಜಾಲಾಡಿದರೂ ನಿಮ್ಮ ಬಾಯಲ್ಲಿ ಆ ಹೆಸರು ಒಂದೇ ಒಂದು ಸಲಾನೂ ಸಿಕ್ಕಿಲ್ಲ. ಅದಕ್ಕೇ ನಿಂತುಬಿಟ್ಟಿದೆ. ಇದನ್ನ ನಾನು ಸರಿಮಾಡಕ್ಕಾಗಲ್ಲ.”

ಹಿಂದಿನ ಸಾಲಿನವರು ತಲೆ ತಗ್ಗಿಸಿದರು. ಕೆಂಪರಾಜು ಕೋರ್ಟಿನತ್ತ ನೋಡಿದ. ಭೂಮಿಕಾ ಗೆರೆಯ ಬಳಿ ಚೆಂಡು ಪುಟಿಸುತ್ತ ನಿಂತಿದ್ದಳು. ಅವನು ನ್ಯಾಯ ಎಂದುಕೊಂಡು ಇಷ್ಟು ವರ್ಷ ಮಾಡಿದ್ದು ನ್ಯಾಯವಾಗಿರಲಿಲ್ಲ. ಊರಿನ ಬಾಯಿಗೆ ಹೆದರಿ ಮಗಳ ಪಾಲನ್ನು ಊರಿಗೆ ಹಂಚಿಬಿಟ್ಟಿದ್ದ. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಮೈಕನ್ನು ತುಟಿಯ ಹತ್ತಿರ ತಂದು, “ಭೂಮಿಕಾ,” ಎಂದ.

ಪೆಟ್ಟಿಗೆಗೆ ಬೇಕಾಗಿದ್ದದ್ದು ಅಷ್ಟೇ. ಮೂರು ವರ್ಷದ ಕೊರತೆಯನ್ನು ಒಂದೇ ಉಸಿರಿಗೆ ತುಂಬಿಸತೊಡಗಿತು. “ಭೂಮಿಕಾ! ಭೂಮಿಕಾ! ಭೂಮಿಕಾ!” ಮೈದಾನದ ಎಲ್ಲ ಸ್ಪೀಕರುಗಳೂ ಅವನದೇ ಗದ್ಗದ ದನಿಯಲ್ಲಿ ಕೂಗಿದವು. ಮರದ ಮೇಲಿನ ಕಾಗೆಗಳು ಎದ್ದು ಹೋದವು. ಮೇಡಂ ವೈರು ಕಿತ್ತರೂ ಅದು ತನ್ನ ಬ್ಯಾಟರಿಯಲ್ಲಿ ಮುಂದುವರಿಸಿತು.

ಭೂಮಿಕಾ ಬೆಚ್ಚಿ ಎಸೆದ ಮೊದಲ ಚೆಂಡು ಬಾಸ್ಕೆಟ್ಟಿನ ಬಳೆಗೂ ತಾಗಲಿಲ್ಲ. ಅವಳು ತಿರುಗಿ ಅಪ್ಪನನ್ನು ನೋಡಿದಳು. ಎರಡನೆಯದನ್ನು ಎಸೆಯುವಾಗ ಅವಳಿಗೆ ಬಳೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ, ಕಣ್ಣು ತುಂಬಿತ್ತು. ಅದೂ ತಪ್ಪಿ ಮಂಡ್ಯ ಸೋತಿತು.

ತೀರ್ಪು ಕೊಡಲು ಅಭಿಮಾನಿಗಳು ಮೇಜಿನ ಸುತ್ತ ನೆರೆದರು. “ಮಗಳ ಹೆಸರನ್ನೇ ಜಪ ಮಾಡ್ತಾ ಕೂತ, ಇದು ಪಕ್ಷಪಾತ,” ಎಂದರು ಹಾಸನದವರು. “ಬೇಕೂಂತ ಕೂಗಿ ನಮ್ಮ ಹುಡುಗಿ ಕೈ ತಪ್ಪಿಸ್ದ, ಇವ್ನು ಹಾಸನದೋನೇ ಸೈ,” ಎಂದರು ಮಂಡ್ಯದವರು. ತಮ್ಮಯ್ಯ ತಲೆ ಕೆರೆದುಕೊಂಡು ಮೇಡಂ ಮುಖ ನೋಡಿದ.

“ಎರಡೂ ಕಡೆಯಿಂದ ಸಮ ಸಮ ಬೈಗುಳ. ಇದಕ್ಕಿಂತ ನಿಷ್ಪಕ್ಷಪಾತಿ ಇನ್ನೆಲ್ಲಿ ಸಿಕ್ತಾನೆ?” ಎಂದರು ಮೇಡಂ. ಮೈಕು ಕೆಂಪರಾಜುವಿನ ಬಳಿಯೇ ಉಳಿಯಿತು.

ಪೆಟ್ಟಿಗೆ ಮೇಡಂ ಕಂಕುಳಲ್ಲಿ ಇನ್ನೂ ಕೂಗುತ್ತಲೇ ಇತ್ತು. ಕೆಂಪರಾಜು ಮಗಳ ಪಕ್ಕದಲ್ಲಿ ಗೇಟಿನವರೆಗೂ ನಡೆದ. ಕೊನೆಗೆ, “ನನ್ನಿಂದ್ಲೇ ಸೋತ್ರಿ ಕನವ್ವ,” ಎಂದ.

ಭೂಮಿಕಾ ಟವೆಲಿನಿಂದ ಮುಖ ಒರೆಸಿಕೊಂಡಳು.

“ಇನ್ಮೇಲೂ ಹಂಗೇ ಕರಿಯಪ್ಪ,” ಎಂದಳು. “ಆದ್ರೆ ಬಾಲು ನನ್ ಕೈ ಬಿಟ್ಮೇಲೆ ಕರಿ.”