ವಾಯ್ಡ್ ಡೆಕ್‌ನಲ್ಲಿ ನದೀತೀರ

ಯಮಧರ್ಮನೇ ಕರೆಯಲು ಬಂದರೂ ನನ್ನ ತಮ್ಮನು "ಒಂದು ರಿಹರ್ಸಲ್ ಮಾಡಿಬಿಡೋಣ, ಸಾರ್!" ಎನ್ನದೆ ಹೊರಡುವವನಲ್ಲ! ಮದುವೆಯ ಹಿಂದಿನ ದಿನ ದಿಂಬಿಗೆ ಅರಿಶಿನದ ದಾರ ಕಟ್ಟಿ, ಗಂಟಿನ ಬಿಗಿಯನ್ನು ಪರೀಕ್ಷಿಸಿದ ಮಹಾನುಭಾವನಿವನು. (ಆ ದಿಂಬನ್ನು ಮನೆಯವರೆಲ್ಲರೂ ಇಂದಿಗೂ 'ಮೊದಲ ಹೆಂಡತಿ' ಎಂದೇ ಕರೆಯುತ್ತೇವೆ.)

ಇಂಥವನು ಜೂನ್ ರಜೆಯಲ್ಲಿ ಆಸ್ಟ್ರೇಲಿಯಾದ ಒಳನಾಡಿನ ನದಿಯೊಂದರ ದಡದಲ್ಲಿ ಡೇರೆ ಹಾಕಲು ನಿಶ್ಚಯಿಸಿದನು.

"ಅಕ್ಕ, ನೀನೂ ಬಾ."

"ನೆಲದ ಮೇಲೆ ಕೂತ್ರೆ ಈ ಬಲಮಂಡಿ ಏಳೋಕೆ ಬಿಡಲ್ಲ ಕಣೋ. ಕ್ರೇನ್ ತರ್ತೀಯಾ?"

ನಗೆಯಾಡಿದೆನಾದರೂ ಹೋಗುವ ಆಸೆ ಬೆಟ್ಟದಷ್ಟಿತ್ತು. ಆದರೆ ಟೀಚರಾಗಿ ಇಪ್ಪತ್ತು ವರ್ಷ ತರಗತಿಯನ್ನು ಎಬ್ಬಿಸಿ ನಿಲ್ಲಿಸಿದವಳು, ತಾನೇ ಏಳಲಾರದೆ ನೆಲಕ್ಕಂಟಿಕೊಂಡರೆ ಮರ್ಯಾದೆ ಉಳಿಯುವುದೆ?

ಮುಂದಿನ ಭಾನುವಾರ ಸಿಂಗಪುರದ ಹೌಗಾಂಗ್‌ನಲ್ಲಿರುವ ನಮ್ಮ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ತೆರೆದ ನೆಲಮಹಡಿಯಾದ ವಾಯ್ಡ್ ಡೆಕ್‌ನ ಕಂಬಗಳ ನಡುವೆ, ಡೇರೆಯೊಂದು ಎದ್ದಿತು! ತಮ್ಮನು ಲೈಫ್ ಜಾಕೆಟ್ ತೊಟ್ಟು, ಬಲಮಂಡಿಗೆ ಟವೆಲನ್ನು ಬಿಗಿದುಕೊಂಡು, ಮಗುಚಿದ ಆಮೆಯಂತೆ ಒದ್ದಾಡುತ್ತ ಅದರಿಂದ ಹೊರಬರುತ್ತಿದ್ದನು. ಲಿಫ್ಟಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಗಾಬರಿಯಾದರು.

"ಯು ಓಕೆ ಆರ್ ನಾಟ್?"

"ಓಕೆ, ಅಂಕಲ್! ನೌ ಐ ಆಮ್ ಮೈ ಸಿಸ್ಟರ್!"

"ಊರೆಲ್ಲ ನೋಡೋ ಹಾಗೆ ನನ್ನನ್ನ ಅಣಕಿಸ್ತೀಯೇನೋ?" ಎಂದು ಗದರಿದವಳು, ಒಂದು ವಾರ ಅವನೊಡನೆ ಮಾತು ಬಿಟ್ಟೆನು. ಕೊನೆಗೆ ಅವನ ಮಗಳು ಬಂದು, "ಅತ್ತೆ, ನಿಮ್ಮ ಟಿಕೆಟ್ ಬುಕ್ ಆಗಿದೆ, ಕ್ಯಾನ್ಸಲ್ ಆಗಲ್ಲ ಲಾ!" ಎಂದು ಸಿಂಗಪುರದ 'ಲಾ' ಎಳೆದಾಗ ಬಿಗುಮಾನದಿಂದಲೇ ಅಪ್ಪ-ಮಗಳ ಜೊತೆ ಹೊರಟೆನು.

ಇಡೀ ದಿನ ಕೆಂಪು ಧೂಳಿನಲ್ಲಿ ಕುಲುಕಿ ತಲುಪಿದರೆ, ಅಲ್ಲಿ ಕಣ್ಣೆಟುಕುವವರೆಗೂ ಮರಳು! ನಡುವೆ ಒಂದು ಎಮ್ಮೆ ಮಲಗುವಷ್ಟು ನೀರು.

ತಮ್ಮನು ಅಲ್ಲಿನ ಕಾವಲುಗಾರನನ್ನು ಕೇಳಿದನು: "ನದಿ ಎಲ್ಲಿ?"

"ನೀವು ನಿಂತಿದ್ದೀರಲ್ಲ, ಅದೇ!"

ಆದರೇನು? ರಿಹರ್ಸಲ್ಲಿನಲ್ಲಿ ಲೈಫ್ ಜಾಕೆಟ್ ಇತ್ತಲ್ಲವೆ? ಮೂವರೂ ಅದನ್ನು ತೊಟ್ಟು, ಒಣಮರಳಿನ ಮೇಲೆ ಕುಳಿತು ಚಿತ್ರಾನ್ನ ತಿಂದೆವು. ಮರದ ತುಂಬ ಕುಳಿತಿದ್ದ ಬಿಳಿಗಿಳಿಗಳು ಕಿರುಚಿದ್ದನ್ನು ನಾನು ನಗುವೆಂದೇ ಭಾವಿಸಿದ್ದೇನೆ.

ರಾತ್ರಿ ಕುಳಿತಲ್ಲಿಂದಲೇ ಡೇರೆಯೊಳಕ್ಕೆ ತೆವಳಿ ಮಲಗಿದೆನು; ಬೆಳಗ್ಗೆ ಹೆದರಿದ್ದೇ ಆಯಿತು. ಮಂಡಿ ಸೆಟೆದುಕೊಂಡಿತು! ಅಷ್ಟರಲ್ಲಿ ಡೇರೆಯೊಳಕ್ಕೆ ಸಿಂಗಪುರದಿಂದ ಹೊತ್ತು ತಂದಿದ್ದ ಕೆಂಪು ಪ್ಲಾಸ್ಟಿಕ್ ಸ್ಟೂಲೊಂದು ನುಸುಳಿತು. ಅದರ ಹಿಂದೆ ತಮ್ಮ.

"ಅಕ್ಕ, ಎಡಕ್ಕೆ ಹೊರಳು. ಬಲಗಾಲು ಚಾಚೇ ಇರ್ಲಿ. ಕೈ ಸ್ಟೂಲ್ ಮೇಲೆ... ಹ್ಞಾಂ, ಈಗ ನನ್ನ ಹೆಗಲು ಹಿಡ್ಕೋ."

ಎದ್ದು, ಅವನ ಹೆಗಲು ಹಿಡಿದೇ ಡೇರೆಯ ಹೊರಗೆ ನಿಂತಿದ್ದೆನು!

"ಇದೆಲ್ಲ ನಿನಗೆ ಹೇಗೋ ಗೊತ್ತು?"

ಉತ್ತರಿಸಿದವಳು ಮಗಳು: "ಅತ್ತೆ, ಅಪ್ಪ ಒಂದು ತಿಂಗಳಿಂದ ಮನೇಲೂ ಟವೆಲ್ ಕಟ್ಕೊಂಡು ಬಿದ್ದು ಬಿದ್ದು ಏಳ್ತಿದ್ರು. ಬಲಕ್ಕೆ ಹೊರಳಿದ್ರೆ ನಿಮಗೆ ನೋವಾಗುತ್ತಂತೆ ಲಾ."

ತಮ್ಮನು ಸ್ಟೂಲಿಗಂಟಿದ ಮರಳನ್ನು ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದನು. ನಾನು ಮೆಲ್ಲನೆ ಡೇರೆಯೊಳಗೆ ಹೋಗಿ, ಮತ್ತೆ ನೆಲದ ಮೇಲೆ ಕುಳಿತೆನು.

"ಅಯ್ಯೋ, ಯಾಕಕ್ಕ?"

"ಇನ್ನೊಂದು ಸಲ ರಿಹರ್ಸಲ್ ಮಾಡೋಣ, ಬಾರೋ."