ಕೈತಪ್ಪಿದ ‘ಮಂಗ್ಯಾ’ ಪದವಿಯ ಮರುಮಂಜೂರಾತಿ ಕುರಿತು

ಇಂದ:
ಕಲ್ಯಾಣಕುಮಾರ,
ಖಾಯಂ ಮಂಗ್ಯಾ (ಸದ್ಯ ಅಮಾನತು), ಹಾಲಿ ಅಳಿಯ,
ನಿಂಬರ್ಗಾ, ಆಳಂದ ತಾಲೂಕು.

ಗೆ:
ಶ್ರೀಮತಿ ಸಾಬಮ್ಮನವರು,
ಮೊದಲು ಸೋದರತ್ತೆ, ಈಗ ಹೆಣ್ಣು ಕೊಟ್ಟ ಅತ್ತೆ,
ಅಡುಗೆಮನೆ, ಅತನೂರ, ಅಫಜಲಪುರ ತಾಲೂಕು.

ವಿಷಯ: ಅರ್ಜಿದಾರನನ್ನು ಮೊದಲಿನಂತೆ ‘ಮಂಗ್ಯಾ’ ಎಂದು ಕರೆಯುವ ಬಗ್ಗೆ.

ಉಲ್ಲೇಖ: ಅರ್ಜಿದಾರನು ದೀಪಾವಳಿಗೆ ಬಂದಾಗ ತಲೆಮೇಲೆ ಸೆರಗು ಹೊದ್ದು ತಾವು ನುಡಿದ “ಬರ್ರಿ ಅಳಿಯಾರ, ಆರಾಮ ಇದ್ದೀರಿ?”

ಮಾನ್ಯರೇ,

ಅರ್ಜಿದಾರನು ವಿನಂತಿಸಿಕೊಳ್ಳುವುದೇನೆಂದರೆ,

೧. ‘ಮಂಗ್ಯಾ’ ಎಂದರೆ ಮಂಗ ಎಂದು ಊರಿಗೆಲ್ಲ ಗೊತ್ತು. ಅದೇ ಮಾತನ್ನು ಜೇವರ್ಗಿ ಬಸ್ಸಿನಲ್ಲಿ ಗುರುತಿಲ್ಲದವನಿಗೆ ಅಂದರೆ ಕೊರಳಪಟ್ಟಿಗೆ ಕೈ ಬೀಳುತ್ತದೆ. ಗೆಳೆಯನಿಗೆ ಅಂದರೆ ಚಹಾ ಬರುತ್ತದೆ. ತಾವು ಅಂದಾಗ ಮಾತ್ರ ಅದರ ಅರ್ಥ ‘ಉಂಡಿಯೇನು’ ಎಂದಿತ್ತು. ಅರ್ಜಿದಾರನು ಈ ಪದವಿಯ ಬಲದಿಂದಲೇ ತಮ್ಮ ಮನೆಯಲ್ಲಿ ಉಂಡು ದೊಡ್ಡವನಾಗಿರುತ್ತಾನೆ.

೨. ತಮ್ಮ ಮಗಳು ಸುವರ್ಣಾಳನ್ನು ಮದುವೆಯಾದ ಕಾರಣ, ಅಕ್ಷತೆ ಬಿದ್ದ ದಿನವೇ, ಯಾವ ನೋಟಿಸೂ ಇಲ್ಲದೆ ಸದರಿ ಪದವಿ ರದ್ದಾಗಿದೆ. ಅರ್ಜಿದಾರನು ತಮ್ಮನ್ನು ಅಂದೂ ‘ಅತ್ತಿ’ ಎನ್ನುತ್ತಿದ್ದ, ಇಂದೂ ಹಾಗೇ ಎನ್ನುತ್ತಾನೆ. ಬದಲಾದವರು ತಾವೊಬ್ಬರೇ.

೩. ತಾನಿನ್ನೂ ಅರ್ಹನೆಂದು ಸಾಬೀತುಪಡಿಸುವ ಸಲುವಾಗಿ ಅವನು ಹೋದ ವಾರ ಬೇಕೆಂದೇ ತಮ್ಮ ಮಾಳಿಗೆಯಿಂದ ತೊಗರಿ ಹೊಟ್ಟಿನ ರಾಶಿಗೆ ಜಿಗಿದು ಕಾಲು ಉಳುಕಿಸಿಕೊಂಡನು. ಹಿಂದೆಲ್ಲ ಹೀಗಾದರೆ ತಾವು “ಲೇ ಮಂಗ್ಯಾ, ಕಾಲ ಮುರ್ಕೊಂಡಿಯೇನೋ!” ಎಂದು ಮೊದಲು ಬೆನ್ನಿಗೊಂದು ಕೊಟ್ಟು ಆಮೇಲೆ ಎಣ್ಣೆ ತಿಕ್ಕುತ್ತಿದ್ದಿರಿ. ಈ ಸಲ ಬಾಗಿಲ ಮರೆಯಲ್ಲಿ ನಿಂತು “ಜ್ವಾಕಿರಿ ಅಳಿಯಾರ” ಎಂದು, ಎಣ್ಣೆ ಬಟ್ಟಲನ್ನು ಮಾವ ಬೀರಣ್ಣನವರ ಕೈಯಲ್ಲಿ ಕಳಿಸಿದಿರಿ. ಮಾವನವರ ಕೈ ಬಹಳ ಒರಟು. ಆದರೂ ಅವನಿಗೆ ಅಳು ಬಂದದ್ದು ಅದಕ್ಕಲ್ಲ.

೪. ಪರ್ಯಾಯ ವ್ಯವಸ್ಥೆಯಾಗಿ ಸುವರ್ಣಾ, “ಅದಕ್ಯಾಕ ಅಷ್ಟು ಚಿಂತಿ? ನಾನ ಅಂತೇನಿ ಬಿಡ್ರಿ, ಮಂಗ್ಯಾ” ಎಂದು ಮುಂದೆ ಬಂದಿದ್ದಾಳೆ. ಅವಳು ಅಂದದ್ದು ನಿಜವೇ ಇರಬಹುದು, ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ.

ಆದ್ದರಿಂದ, ಮೇಲಿನ ಕಾರಣಗಳಿಗಾಗಿ, ಅಳಿಯತನದ ಮರ್ಯಾದೆಯನ್ನು ಮಂದಿ ಬಂದಾಗ ಮಾತ್ರ ಜಾರಿಯಲ್ಲಿಟ್ಟು, ಉಳಿದ ದಿನ ಹಳೆಯ ಪದವಿಯನ್ನೇ ಮುಂದುವರಿಸಬೇಕು. ಅರ್ಜಿದಾರನ ತಾಯಿ ತೀರಿಕೊಂಡ ಮೇಲೆ ಅವನನ್ನು ಬೈಯುವವರು ತಾವೊಬ್ಬರೇ ಉಳಿದಿದ್ದಿರಿ.

ತಮ್ಮ ಕೈತುತ್ತಿನ ವಿಶ್ವಾಸಿ,
ಕಲ್ಯಾಣಕುಮಾರ

ಲಗತ್ತುಗಳು:
ಅ) ಉಳುಕಿದ ಕಾಲು (ಖುದ್ದು ಹಾಜರು).
ಆ) ಅರ್ಜಿದಾರನ ನಡತೆ ಇಂದಿಗೂ ಸುಧಾರಿಸಿಲ್ಲವೆಂದು ಗೆಳೆಯ ಶಾಹಿದ ಬರೆದುಕೊಟ್ಟ ಪ್ರಮಾಣಪತ್ರ.

ವಿ.ಸೂ.: ಅರ್ಜಿಯನ್ನು ತಿರಸ್ಕರಿಸುವುದಾದರೆ ಲಿಖಿತ ಉತ್ತರ ಬೇಡ. ಅರ್ಜಿದಾರನು ತಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತಿದ್ದಾನೆ. ಒಲೆ ಮುಂದಿನಿಂದಲೇ ಗಟ್ಟಿಯಾಗಿ “ಆಗೂದಿಲ್ಲ, ಎದ್ದು ಹೋಗಲೇ ಮಂಗ್ಯಾ” ಎಂದು ಆದೇಶ ಹೊರಡಿಸಿದರೆ ಸಾಕು.